ತಾರಸಿ ಕೋಣೆಯ ಕರೆಗಂಟೆ

ಸಿದ್ದಲಿಂಗಮ್ಮನಿಗೆ ನೂಲಿನ ಬಣ್ಣ ಹೊಂದಿಸಲು ಹಗಲು ಬೇಕು. ಟ್ಯೂಬ್‌ಲೈಟಿನ ಕೆಳಗೆ ಮರೂನೂ ಕಂದೂ ಒಂದೇ ಬಣ್ಣವಾಗಿಬಿಡುತ್ತವೆ. ಛತ್ರದ ಬಾಗಿಲು ದಾಟಿ ಬಿಸಿಲಿಗೆ ಬಂದಾಗ ಹೊಲಿಗೆ ಬೇರೆ, ಬಟ್ಟೆ ಬೇರೆ ಎಂಬುದು ನೆಂಟರಿಷ್ಟರಿಗೆಲ್ಲ ಕಾಣುತ್ತದೆ. ಅದಕ್ಕೇ ರಾಮಕೃಷ್ಣನಗರದ ತನ್ನ ಮನೆಯ ತಾರಸಿಯ ಮೇಲೆ, ಉತ್ತರದ ರಸ್ತೆಗೆ ತೆರೆದ ದೊಡ್ಡ ಕಿಟಕಿಯ ಕೋಣೆಯಲ್ಲಿ, ಇಪ್ಪತ್ತೆರಡು ವರ್ಷಗಳಿಂದ ಅವಳು ರವಿಕೆ ಹೊಲಿಯುತ್ತಿದ್ದಾಳೆ. ಕೆಳಮನೆಯ ಹಾಲಿಗೆ ಒಂದು ಕಾಲದಲ್ಲಿ ಬೆಳಕಿತ್ತು. ಪಕ್ಕದ ಖಾಲಿ ನಿವೇಶನದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಅಲ್ಲಿ ಬೆಳಗಿನ ಹತ್ತಕ್ಕೂ ದೀಪ ಹಾಕಬೇಕು.

ಅವಳು ಹುಟ್ಟಿದ್ದು ನಂಜನಗೂಡಿನ ಕಡೆ. ಮದುವೆಯಾಗಿ ಮೈಸೂರಿಗೆ ಬಂದಾಗ ಅಂಗಿಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಮಹಿಳಾ ಸಮಾಜದ ತರಗತಿಯಲ್ಲಿ ಆರು ತಿಂಗಳು ಬರೀ ಹಳೆಯ ಪತ್ರಿಕೆ ಕತ್ತರಿಸಿದಳು. ಟೀಚರು ಬಟ್ಟೆ ಮುಟ್ಟಲು ಬಿಟ್ಟದ್ದು ಏಳನೆಯ ತಿಂಗಳಲ್ಲಿ. ಅಳತೆ ತಪ್ಪಿದರೆ ಕಾಗದ ಹಾಳಾಗಲಿ, ಬಟ್ಟೆ ಹಾಳಾಗಬಾರದು ಎಂದು ಅವರು ಹೇಳುತ್ತಿದ್ದರು. ಆ ಶಿಸ್ತು ಅವಳಿಗೆ ಅಂಟಿಕೊಂಡಿತು. ಕತ್ತರಿ ಹಿಡಿದಾಗ ಫೋನು ಮುಟ್ಟುವುದಿಲ್ಲ; ಅದು ಬೀರುವಿನೊಳಗೆ, ಮಡಿಸಿದ ಸೀರೆಗಳ ಕೆಳಗಿರುತ್ತದೆ. ಒಮ್ಮೆ ಫೋನು ಬಂದ ಗಡಿಬಿಡಿಯಲ್ಲಿ ಒಂದು ರೇಷ್ಮೆ ಖಣ ಅರ್ಧ ಅಂಗುಲ ಹೆಚ್ಚು ಕತ್ತರಿಸಿಹೋಗಿತ್ತು.

ಗೇಟಿನಲ್ಲಿ ಯಾರು ಬಂದರೂ ಅವಳಿಗೆ ತಿಳಿಯುವುದು ಕರೆಗಂಟೆಯಿಂದ. ಗೇಟಿನ ಬಳಿ ಒತ್ತುವ ಒಂದು ಗುಂಡಿ, ಮೇಲಿನ ಕೋಣೆಯಲ್ಲಿ ಸದ್ದು ಮಾಡುವ ಅಂಗೈಯಗಲದ ಡಬ್ಬಿ, ನಡುವೆ ತಂತಿಯಿಲ್ಲ. ನಾಲ್ಕು ವರ್ಷ ಚೆನ್ನಾಗಿಯೇ ನಡೆದಿತ್ತು. ಈಚೆಗೆ ಅದು ಒಮ್ಮೆ ಕೇಳಿದರೆ ನಾಲ್ಕು ಸಲ ಕೇಳುತ್ತಿರಲಿಲ್ಲ. ಮಗ ಮಹದೇವ, ಸೊಸೆ ಬಿಂದು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ. ಗಂಡ ಗುರುಸಿದ್ದಯ್ಯ ಸಿಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಹಳೆಯ ಗೆಳೆಯರ ಜೊತೆ ಕಾಫಿ ಕುಡಿದು ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಬಂದವರು ಚಿಲಕ ಹಾಕಿದ ಗೇಟು ನೋಡಿ ಹಿಂದಿರುಗುತ್ತಿದ್ದರು.

ಬುಧವಾರ ಸಂಜೆ ರಂಜನಿಯ ಫೋನು ಬಂತು. ಸರಸ್ವತಿಪುರಂನಲ್ಲಿ ವೀಣೆ ಹೇಳಿಕೊಡುವ ರಂಜನಿ ಹದಿನೈದು ವರ್ಷಗಳ ಗಿರಾಕಿ.

"ಮೂರು ಸಲ ಬಂದೆ ಸಿದ್ದಲಿಂಗಮ್ಮ. ಬೆಲ್ ಒತ್ತಿದೆ, ಗೇಟು ಬಡಿದೆ. ನಿಮ್ಮ ಎದುರು ಮನೆ ನಾಯಿ ಮಾತ್ರ ಮಾತಾಡಿಸ್ತು. ಮಗಳ ನಿಶ್ಚಿತಾರ್ಥ ಹತ್ತಿರ ಬಂತು. ಭಾನುವಾರ ಹತ್ತು ಗಂಟೆಗೆ ಇನ್ನೊಂದು ಸಲ ಬರ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆ ಕಡೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ಊಟಕ್ಕೆ ಕೂತಾಗ ಮಹದೇವ ತೀರ್ಮಾನ ಹೇಳಿಬಿಟ್ಟ. "ಅವ್ವ, ನೀನು ಮೂವತ್ತಾರು ಮೆಟ್ಲು ಹತ್ತಿ ಕೂತ್ಕೊಂಡ್ರೆ ಗೇಟಲ್ಲಿ ಯಾರವ್ರೆ ಅಂತ ಎಂಗೆ ಗೊತ್ತಾಗ್ಬೇಕು? ಮೆಷಿನ್ನು ಹಾಲಿಗೆ ತಂದ್ಬುಡ್ತೀನಿ. ಭಾನುವಾರ ಪ್ರಭುಸ್ವಾಮಿ ಬರ್ತಾನೆ, ಇಬ್ರೂ ಸೇರಿ ಇಳಿಸ್ತೀವಿ." ಪ್ರಭುಸ್ವಾಮಿ ಅವನ ಗೆಳೆಯ, ಬೀರು, ಫ್ರಿಜ್ಜು ಯಾವುದನ್ನಾದರೂ ಹೊರಬಲ್ಲ ಆಳು.

"ಹಾಲಿಗೆ ಒಳ್ಳೆ ಎಲ್‌ಇಡಿ ಹಾಕ್ಸೋಣ ಅತ್ತೆ, ಹಗಲಿದ್ದಂಗೇ ಇರುತ್ತೆ," ಎಂದಳು ಬಿಂದು. ಅತ್ತೆಯ ಮಂಡಿಯ ಮೇಲೆ ಅವಳಿಗೆ ನಿಜವಾದ ಕಾಳಜಿಯಿತ್ತು.

"ಹಗಲಿದ್ದಂಗೆ ಇರೋದು ಹಗಲಲ್ಲ ಕಣಮ್ಮ." ಸಿದ್ದಲಿಂಗಮ್ಮ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡಳು. "ಭಾನುವಾರದೊಳಗೆ ಬೆಲ್ಲು ಮೇಲಕ್ಕೆ ಕೇಳಿಸಿದ್ರೆ?"

"ಕೇಳಿಸಿದ್ರೆ ಅಲ್ಲೇ ಇರ್ಲಿ ಬುಡು," ಎಂದ ಮಹದೇವ. ಆಗಲಾರದು ಎಂಬ ಧೈರ್ಯದಲ್ಲಿ ಹೇಳಿದ ಮಾತು. ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಗುರುವಾರ ಬೆಳಿಗ್ಗೆ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಗುಂಡಿಗೂ ಡಬ್ಬಿಗೂ ಹೊಸ ಬ್ಯಾಟರಿ ಕೇಳಿದಳು. ಅಂಗಡಿಯವನು ಹೊಸ ಬೆಲ್ಲನ್ನೇ ಮುಂದಿಟ್ಟ. "ಇದು ಮುನ್ನೂರು ಮೀಟರ್ ಹೋಗ್ತದೆ ಕಣಮ್ಮ. ಬಯಲಲ್ಲಿ, ಗೋಡೆ ಇಲ್ದೇ ಇದ್ರೆ."

"ಗೋಡೆ ಇಲ್ದೇ ಇದ್ರೆ ಬೆಲ್ ಯಾಕಪ್ಪ, ಕೂಗಿದ್ರೆ ಸಾಕಲ್ಲ. ಮೊದಲು ಇರೋದನ್ನ ಅಳತೆ ಮಾಡ್ತೀನಿ."

ಅಳತೆ ಮಾಡುವ ಬಗೆ ದಾರಿಯಲ್ಲೇ ಹೊಳೆದಿತ್ತು. ಮಧ್ಯಾಹ್ನ ಎರಡಕ್ಕೂ ಹೊಸ ಬ್ಯಾಟರಿ ಹಾಕಿ, ಗಂಡನನ್ನು ಗೇಟಿನ ಹೊರಗೆ ನಿಲ್ಲಿಸಿದಳು. ತಾನು ಡಬ್ಬಿ ಹಿಡಿದು, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದುಕೊಂಡು ಮೆಟ್ಟಿಲ ಬುಡಕ್ಕೆ ಬಂದಳು. ಪ್ರತಿ ನಿಲ್ದಾಣದಲ್ಲೂ ಅವರು ಹತ್ತು ಸಲ ಒತ್ತಬೇಕು, ಎಷ್ಟು ಸಲ ಕೇಳಿತೋ ಅಷ್ಟನ್ನು ಅವಳು ಮೆಟ್ಟಿಲ ಮೇಲೆ ಬರೆಯಬೇಕು.

"ಮೂವತ್ನಾಲ್ಕು ವರ್ಷ ಬೆಲ್ ಹೊಡ್ದಿವ್ನಿ, ಇದೊಂದು ಬಾಕಿ ಇತ್ತು," ಎಂದರು ಗುರುಸಿದ್ದಯ್ಯ. "ಒಂದು ಹೊಡುದ್ರೆ ಸ್ಟಾಪು, ಎರಡು ಹೊಡುದ್ರೆ ರೈಟು. ಹತ್ತು ಹೊಡುದ್ರೆ ಡ್ರೈವರ್ರು ಇಳ್ದು ಬಂದು ಒದೀತಿದ್ದ."

"ನಾನು ಇಳ್ದು ಬರ್ದೇ ಇರೋ ಹಂಗೆ ಒತ್ರಿ ಸುಮ್ನೆ."

ಮೊದಲ ಮೆಟ್ಟಿಲಲ್ಲಿ ಎಂಟು. ಮಗ ಸೊಸೆ ಇರುವ ಮೊದಲ ಮಹಡಿಯ ಬಾಗಿಲಲ್ಲಿ ಆರು. ತಾರಸಿಯ ಬಾಗಿಲಲ್ಲಿ ಮೂರು. ಕೋಣೆಯೊಳಗೆ, ಡಬ್ಬಿ ಯಾವಾಗಲೂ ಕೂರುವ ಕಬ್ಬಿಣದ ಬೀರುವಿನ ತಲೆಯ ಮೇಲೆ, ಒಂದೇ ಒಂದು. ಬ್ಯಾಟರಿಯ ತಪ್ಪಲ್ಲ ಎಂಬುದು ಇತ್ಯರ್ಥವಾಯಿತು.

ಕೆಳಗಿಳಿದು ಗೇಟನ್ನು ನೋಡುತ್ತ ನಿಂತಳು. ಮೊದಲಿದ್ದುದು ಸರಳಿನ ಗೇಟು. ಆಗ ಗುಂಡಿ ಪಕ್ಕದ ಇಟ್ಟಿಗೆ ಕಂಬದ ಮೇಲಿತ್ತು. ಹೋದ ವರ್ಷ ಬೀದಿನಾಯಿಗಳ ಕಾಟಕ್ಕೆಂದು ಮಹದೇವ ದಪ್ಪ ಕಬ್ಬಿಣದ ತಗಡಿನ ಗೇಟು ಹಾಕಿಸಿ, ಬಂದವರ ಕೈಗೆ ಸುಲಭವಾಗಲಿ ಎಂದು ಗುಂಡಿಯನ್ನು ಆ ತಗಡಿಗೇ ಸ್ಕ್ರೂ ಮಾಡಿದ್ದ. ಗಂಟೆ ಮಂಕಾಗತೊಡಗಿದ್ದು ಅಲ್ಲಿಂದಲೇ. ರೇಡಿಯೊವನ್ನು ಬೀರುವಿನೊಳಗಿಟ್ಟರೆ ಗೊರಗುಟ್ಟುವುದು ಅವಳಿಗೆ ಗೊತ್ತಿತ್ತು.

ಕಂಬಕ್ಕೆ ತೂತು ಕೊರೆಯುವ ಮುಂಚೆ ಕಾಗದದ ಪರೀಕ್ಷೆ ಆಗಬೇಕಲ್ಲ. ಗುಂಡಿಯನ್ನು ತಗಡಿನಿಂದ ಬಿಚ್ಚಿ ಗಂಡನ ಕೈಗೆ ಕೊಟ್ಟು, ಕಂಬದ ಮುಂದೆ ಹಿಡಿದುಕೊಂಡೇ ಒತ್ತಲು ಹೇಳಿದಳು. ತಾರಸಿಯ ಬಾಗಿಲಲ್ಲಿ ಮೂರಿದ್ದುದು ಎಂಟಾಯಿತು. ಬೀರುವಿನ ಮೇಲೆ ಐದು. ಕಬ್ಬಿಣ ಕೆಳಗೂ ಬೇಡ, ಮೇಲೂ ಬೇಡ ಎಂದು ಡಬ್ಬಿಯನ್ನು ಬೀರುವಿನಿಂದ ಇಳಿಸಿ, ರಸ್ತೆಯ ಕಡೆಯ ಕಿಟಕಿಯ ಮರದ ಚೌಕಟ್ಟಿಗೆ ದಾರದಲ್ಲಿ ಕಟ್ಟಿದಳು. ಅಲ್ಲೂ ಎಂಟು.

"ಆಯ್ತಲ್ಲ ಬುಡು," ಕೆಳಗಿನಿಂದ ಗುರುಸಿದ್ದಯ್ಯ ಕೂಗಿದರು. "ಹತ್ತಕ್ಕೆ ಎಂಟು ಅಂದ್ರೆ ಫಸ್ಟ್ ಕ್ಲಾಸು ಕಣೆ."

"ಹತ್ತು ಹುಕ್ಕಲ್ಲಿ ಎಂಟು ಕೂತ್ರೆ ಅದನ್ನ ರವಿಕೆ ಅಂತ ಕೊಡಕ್ಕಾಯ್ತದಾ?"

ಶುಕ್ರವಾರವಿಡೀ ಕೇಳದೆ ಹೋದ ಆ ಎರಡು ಅವಳನ್ನು ಕಾಡಿದವು. ಅಪಾರ್ಟ್‌ಮೆಂಟಿನ ಗೋಡೆ ಅಡ್ಡ ಬರುತ್ತಿದೆಯೇ? ಇನ್ನೊಂದು ಡಬ್ಬಿ ತಂದು ನಡುವೆ ಇಡಬೇಕೇ? ಶನಿವಾರ ಬೆಳಿಗ್ಗೆ ಮೆಟ್ಟಿಲು ಗುಡಿಸುವಾಗ ಸೀಮೆಸುಣ್ಣದ ಅಂಕೆಗಳ ಮುಂದೆ ಪೊರಕೆ ನಿಂತಿತು. ಗೇಟಿಗೆ ಹತ್ತೇ ಹೆಜ್ಜೆಯ ಮೊದಲ ಮೆಟ್ಟಿಲಲ್ಲೂ ಎಂಟು, ಮೂವತ್ತಾರು ಮೆಟ್ಟಿಲ ಮೇಲೂ ಎಂಟು. ದೂರ ಕದ್ದಿದ್ದರೆ ಕೆಳಗೆ ಹತ್ತೂ ಕೇಳಬೇಕಿತ್ತು. ಆ ಎರಡು ದಾರಿಯಲ್ಲಿ ಕಳೆದಿಲ್ಲ, ಹೊರಟೇ ಇಲ್ಲ.

ಗುಂಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆಯಿಂದ ಮುಚ್ಚಳ ಎಬ್ಬಿಸಿದಳು. ಮೊದಲ ದಿನ ಬ್ಯಾಟರಿ ಹಾಕುವಾಗ ಹಿಂಬದಿ ಮಾತ್ರ ತೆರೆದಿದ್ದಳು. ಈಗ ಒತ್ತುವ ಭಾಗದ ಅಡಿ ಕಂಡಿತು: ಬೆಳ್ಳಗೆ ಗಟ್ಟಿಯಾದ ಪುಡಿ, ಅದರ ನಡುವೆ ಕೆಂಪಿನ ಚುಕ್ಕೆ. ಮೂಸಿ ನೋಡಿದಳು.

"ರೀ, ಇಲ್ಬನ್ನಿ. ಆಯುಧಪೂಜೆ ದಿನ ಇದಕ್ಕೇನು ಮಾಡಿದ್ರಿ?"

ಗುರುಸಿದ್ದಯ್ಯ ಮೆಟ್ಟಿಲು ಹತ್ತಿ ಬಂದು, ಉಸಿರು ಸುಧಾರಿಸಿಕೊಂಡು, ಅದನ್ನೂ ಇದನ್ನೂ ನೋಡಿದರು. "ಸ್ಕೂಟ್ರು, ಮಿಕ್ಸಿ, ನಿನ್ನ ಮೆಷಿನ್ನು, ಎಲ್ಲಕ್ಕೂ ಮಾಡ್ದೆ. ಇದೂ ಯಂತ್ರ ತಾನೇ. ಬಿಟ್ರೆ ಬೇಜಾರಾಗ್ತದೆ ಅಂತ ತೊಳ್ದು, ವಿಭೂತಿ ಕಲಸಿ ಮೂರು ಬೆರಳು ಎಳ್ದು, ಕುಂಕುಮ ಇಟ್ಟೆ."

"ತೊಳೆದ್ರಾ?"

"ಒಂದೇ ಚೊಂಬು."

ಸಿದ್ದಲಿಂಗಮ್ಮ ನಕ್ಕಳು. ಮೆಷಿನ್ನಿನ ಹಲ್ಲು ಉಜ್ಜುವ ಬ್ರಷ್ಷಿನಿಂದ ಪುಡಿಯೆಲ್ಲ ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ, ಬಾಗಿದ್ದ ತಗಡಿನ ನಾಲಗೆಯನ್ನು ಸೂಜಿಯ ಮೊನೆಯಿಂದ ಎತ್ತಿದಳು. ನಂತರವೇ ಕಂಬಕ್ಕೆ ತೂತು ಬಿತ್ತು: ಮೊದಲು ಒಂದು ತೇಗದ ತುಂಡು, ಅದರ ಮೇಲೆ ಗುಂಡಿ, ಗುಂಡಿಗೆ ಹಳೆಯ ರೇನ್‌ಕೋಟಿನ ಬಟ್ಟೆಯಲ್ಲಿ ಹೊಲಿದ, ಅಂಚಿಗೆ ಪೈಪಿಂಗ್ ಕೊಟ್ಟ ಪುಟ್ಟ ಕೊಡೆ. ಗುರುಸಿದ್ದಯ್ಯ ಒತ್ತಿದರು. ಮೇಲೆ ಕಿಟಕಿಯ ಬಳಿ ಅವಳು ಬೆರಳು ಮಡಿಸುತ್ತ ಎಣಿಸಿದಳು. ಹತ್ತೂ ಬೆರಳು ಮಡಚಿದವು. ಮಗನಿಗೆ ಏನೂ ಹೇಳಬೇಡಿ ಎಂದಳು ಗಂಡನಿಗೆ.

ಭಾನುವಾರ ಹತ್ತಕ್ಕೆ ಐದು ನಿಮಿಷವಿರುವಾಗ ಮಹದೇವ, ಪ್ರಭುಸ್ವಾಮಿ ತಾರಸಿಗೆ ಬಂದರು. ಅವಳು ತಲೆ ಎತ್ತಲಿಲ್ಲ. ಒಂದು ತೋಳಿಗೆ ಗುರುತು ಹಾಕುತ್ತಿದ್ದಳು. ಇಬ್ಬರೂ ಮೆಷಿನ್ನಿನ ಎರಡು ಬದಿಗೆ ಕೈ ಕೊಟ್ಟು, ಸೊಂಟ ಬಗ್ಗಿಸಿ, "ಎತ್ತು" ಎನ್ನುವಷ್ಟರಲ್ಲಿ ಕಿಟಕಿಯಲ್ಲಿ ಗಂಟೆ ಹೊಡೆಯಿತು.

ಮಹದೇವ ಕಿಟಕಿಯಿಂದ ಬಗ್ಗಿ ನೋಡಿದ. ಕೆಳಗೆ ರಂಜನಿ, ಕೈಯಲ್ಲಿ ರೇಷ್ಮೆ ಸೀರೆಯ ಚೀಲ.

"ಗೇಟು ತೆಗೀರೀ," ಎಂದು ಸಿದ್ದಲಿಂಗಮ್ಮ ಗಂಡನಿಗೆ ಕೂಗಿ, ಮಗನತ್ತ ತಿರುಗಿದಳು. "ಅಲ್ಲೇ ಇರ್ಲಿ ಬುಡು ಅಂತ ನೀನೇ ಅಂದಿದ್ದೆ."

ಪ್ರಭುಸ್ವಾಮಿ ಮೊದಲು ಕೈ ಬಿಟ್ಟ. "ನನ್ ಬೆನ್ನು ಉಳೀತು ಕಣವ್ವ," ಎಂದ.

"ಏನು ಮಾಡ್ದೆ ಅವ್ವ ಇದಕ್ಕೆ?"

"ನೀನು ಹಾಕಿದ್ದನ್ನ ಬಿಚ್ಚಿದೆ. ನಿಮ್ಮಪ್ಪ ಹಾಕಿದ್ದನ್ನ ಒರೆಸ್ದೆ."

ರಂಜನಿ ಮೇಲೆ ಬಂದು, ಕಿಟಕಿಯ ಬಳಿ ಸೀರೆ ಬಿಡಿಸಿದಳು. ಗಿಳಿಹಸಿರಿಗೂ ಮಾವಿನ ಚಿಗುರಿಗೂ ನಡುವಿನ ಒಂದು ಬಣ್ಣ. ಸಿದ್ದಲಿಂಗಮ್ಮ ಏಳು ಹಸಿರು ನೂಲಿನ ಉರುಳೆಗಳನ್ನು ಬಟ್ಟೆಯ ಮೇಲೆ ಒಂದೊಂದಾಗಿ ಇಟ್ಟಳು, ತೆಗೆದಳು. ಐದನೆಯದು ಬಟ್ಟೆಯೊಳಗೆ ಕರಗಿ ಕಾಣದಂತಾಯಿತು. "ಇದೇ," ಎಂದರು ಇಬ್ಬರೂ.

ಅಳತೆ ಕೊಟ್ಟು ರಂಜನಿ ಹೊರಟಳು. ಅವಳನ್ನು ಗೇಟಿನವರೆಗೆ ಬಿಡಲು ಮಹದೇವ ಇಳಿದ. ಸಿದ್ದಲಿಂಗಮ್ಮ ಹಸಿರು ನೂಲನ್ನು ಸೂಜಿಗೆ ಪೋಣಿಸಿ, ಪರೀಕ್ಷೆಗೆಂದು ಒಂದು ಚೂರು ಬಟ್ಟೆಯನ್ನು ಅದರ ಕೆಳಗೆ ಕೂರಿಸಿ, ಪೆಡಲಿನ ಮೇಲೆ ಕಾಲಿಟ್ಟಳು. ಆಗ ಕಿಟಕಿಯಲ್ಲಿ ಗಂಟೆ ಎರಡು ಸಲ ಹೊಡೆಯಿತು. ಅದು ಗಂಡನ ಕೈಯಲ್ಲ. ಒತ್ತಿದ್ದರಲ್ಲಿ ಅಭ್ಯಾಸ ಸಾಲದು. ಆದರೂ ಕಂಡಕ್ಟರನ ಮಗನಿಗೆ ಲೆಕ್ಕ ಗೊತ್ತಿತ್ತು.

ಅವಳು ಪೆಡಲು ಒತ್ತಿದಳು.