ಅಲುಗಾಡಿದ್ದು ಮೇಜು

ಗೌರಮ್ಮ, ನಿಮ್ಮ ಗಂಡನ ವೀರ್ಯ ಪರೀಕ್ಷೆಯ ವರದಿ ಸುಳ್ಳು. ಅದಕ್ಕೆ ಸಹಿ ಹಾಕಿದವನು ನಾನು. ಸುಳ್ಳೆಂದು ಅದೇ ದಿನ ಗೊತ್ತಾಗಿತ್ತು — ಒಂಬತ್ತು ವರ್ಷ ಬಾಯಿ ಬಿಡಲಿಲ್ಲ.

ಬಳ್ಳಾರಿಯ ಪಾರ್ವತಿನಗರದ ನಮ್ಮ ಲ್ಯಾಬಿಗೆ ಆಗಷ್ಟೇ ಲೇಸರ್ ಯಂತ್ರ ಬಂದಿತ್ತು. ವೀರ್ಯದ ಹನಿಯ ಮೂಲಕ ಕೆಂಪು ಬೆಳಕು ಹಾಯಿಸುತ್ತೇವೆ. ಒಳಗೆ ವೀರ್ಯಾಣುಗಳು ಈಜುತ್ತಿದ್ದರೆ ಚದುರಿದ ಬೆಳಕು ಮಿಣುಕುತ್ತದೆ. ಆ ಮಿಣುಕಿನಿಂದ ಯಂತ್ರ ಅವುಗಳ ಓಟ ಅಳೆಯುತ್ತದೆ. ಅದನ್ನು ಕೂರಿಸಿಕೊಟ್ಟ ಎಂಜಿನಿಯರು ಬೆರಳೆತ್ತಿ ಹೇಳಿ ಹೋಗಿದ್ದ — ಮೇಜು ಅಲುಗಬಾರದು, ಅಲುಗಿದರೂ ಬೆಳಕು ಮಿಣುಕುತ್ತದೆ, ಇದರ ಮೇಲೆ ಬೇರೇನೂ ಓಡಿಸಬಾರದು. ಆ ದಿನ ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಬಂದ ಕೂಡಲೇ, ಬಾಕಿ ಬಿದ್ದಿದ್ದ ರಕ್ತದ ಕೊಳವೆಗಳನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜನ್ನು ತಂದು ಅದೇ ಮೇಜಿನ ಮೇಲಿಟ್ಟು ಶುರು ಮಾಡಿದೆ. ಪಕ್ಕದಲ್ಲೇ ನಿಮ್ಮ ಗಂಡನ ಹನಿ. ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಕಣ್ಣಿಟ್ಟು ನೋಡುವುದು ನಿಯಮ. ನೋಡಲಿಲ್ಲ. ಲೇಸರ್ ಇರುವಾಗ ಅದೇಕೆ ಎಂಬ ಸೊಕ್ಕು! ‘ಚಲನೆ ಉತ್ತಮ’ ಎಂದು ಮುದ್ರಿಸಿ ಕೊಟ್ಟೆ.

ನಿಮ್ಮ ಅತ್ತೆ ಆ ಹಾಳೆ ಹಿಡಿದು ಕೂತವರಿಗೆಲ್ಲ ಕೇಳುವಂತೆ ಅಂದರು: “ನೋಡ್ರೆವ್ವಾ, ನನ್ನ ಮಗಂದು ಕುದ್ರಿ ಓಡಿದಂಗ ಓಡ್ತಾವಂತ! ಐಬೆಲ್ಲಾ ಇಕೀದಾ.” ನೀವು ಮಾತ್ರ ಕೌಂಟರಿನ ಹತ್ತಿರ ಬಂದು ಮೆಲ್ಲಗೆ ಕೇಳಿದಿರಿ: “ಅಣ್ಣಾರ, ಇನ್ನೊಂದ್ಸಲ ನೋಡ್ತೀರೇನ್ರಿ?”

“ಮಿಷನ್ ಸುಳ್ಳು ಹೇಳಂಗಿಲ್ಲ ತಂಗಿ” ಎಂದೆ.

ನೀವು ಹೊರಟ ಮೇಲೆ ನೀವು ಕೇಳಿದ ಮಾತು ಕಿವಿಯಲ್ಲೇ ಉಳಿಯಿತು. ಬರೀ ಉಪ್ಪುನೀರು ಹಾಕಿ ಪರೀಕ್ಷಿಸಿದೆ. ಸೆಂಟ್ರಿಫ್ಯೂಜ್ ಇನ್ನೂ ತಿರುಗುತ್ತಿತ್ತು. ‘ಚಲನೆ ಉತ್ತಮ’ ಎಂದು ಯಂತ್ರ ಮುದ್ರಿಸಿತು. ಉಪ್ಪುನೀರು ಈಜುತ್ತದೆಯೇ? ಸೆಂಟ್ರಿಫ್ಯೂಜ್ ನಿಲ್ಲಿಸಿ ನಿಮ್ಮ ಗಂಡನ ಉಳಿದ ಹನಿಯನ್ನು ಇಟ್ಟೆ. ಸೊನ್ನೆ. ಸೂಕ್ಷ್ಮದರ್ಶಕದಲ್ಲಿ ನೋಡಿದೆ — ಒಂದೂ ಮಿಸುಕಲಿಲ್ಲ. ಅರ್ಜಿಯ ಮೇಲೆ ನಿಮ್ಮ ಮನೆಯ ಫೋನ್ ನಂಬರಿತ್ತು. ನೀವು ಹತ್ತಬೇಕಿದ್ದ ಸಿರುಗುಪ್ಪದ ಬಸ್ಸು ಇನ್ನೂ ಬಿಟ್ಟಿರಲಿಲ್ಲ. ಫೋನೂ ಮಾಡಲಿಲ್ಲ, ಬಸ್‌ಸ್ಟ್ಯಾಂಡಿಗೂ ಓಡಲಿಲ್ಲ. ಲ್ಯಾಬಿನ ಮಾಲೀಕರು ಬಾಯಿ ಕಟ್ಟಿದರು ಎನ್ನೋಣವೆಂದರೆ — ಅವರಿಗೂ ನಾನು ಹೇಳಲೇ ಇಲ್ಲ.

ಮುಂದಿನದನ್ನು ನಿಮ್ಮ ಗಂಡನ ಊರು ಹಚ್ಚೊಳ್ಳಿಯಿಂದ ರಕ್ತ ಪರೀಕ್ಷೆಗೆ ಬರುವವರ ಬಾಯಲ್ಲಿ ಕೇಳಿದೆ. ನಿಮ್ಮ ಹೊಟ್ಟೆಗೆ ತೂತು ಹಾಕಿಸಿ ದುರ್ಬೀನು ಇಳಿಸಿ ನೋಡಿದರು, ಕಂಡಕಂಡ ಔಷಧಿ ಕುಡಿಸಿದರು, ಊರಿನ ಸೀಮಂತಗಳಿಗೆ ಕರೆಯದೆ ದೂರವಿಟ್ಟರು, ಕೊನೆಗೆ ಕುರುಗೋಡಿನ ತವರಿಗೆ ಅಟ್ಟಿದರು. ಥೂ, ಎಂಥ ಜನ! ಬಿತ್ತನೆಯ ಭತ್ತವನ್ನು ನೀರಿಗೆ ಹಾಕಿ, ತೇಲಿದ ಜೊಳ್ಳು ತೆಗೆದೇ ಸಸಿಮಡಿಗೆ ಚೆಲ್ಲುತ್ತಾರೆ. ಮೊಳೆಯದಿದ್ದರೆ ಬೀಜದಂಗಡಿಯವನ ಕೊರಳಪಟ್ಟಿ ಹಿಡಿಯುತ್ತಾರೆ. ಮನೆಯ ವಿಷಯ ಬಂದರೆ ಮಾತ್ರ ತಪ್ಪೆಲ್ಲ ಹೊಲದ್ದು! ನೆನೆದರೆ ಮೈ ಉರಿಯುತ್ತದೆ. ಆದರೆ ನಿಮಗೆ ಹೊಡೆಯಲು ಅವರ ಕೈಗೆ ಕೋಲು ಕೊಟ್ಟವನೇ ನಾನು, ಅವರನ್ನು ಬೈಯಲು ನನಗೆ ಯಾವ ಬಾಯಿ...

ಹೋದ ಸೋಮವಾರ ನಿಮ್ಮ ಅತ್ತೆ ಮತ್ತೆ ಬಂದರು, ಎರಡನೇ ಸೊಸೆಯನ್ನು ಕರೆದುಕೊಂಡು. ಆ ಹಳೆಯ ವರದಿಗೆ ಲ್ಯಾಮಿನೇಷನ್ ಮಾಡಿಸಿದ್ದಾರೆ! ಚೀಲದಿಂದ ತೆಗೆದು ಕೌಂಟರಿನ ಮೇಲೆ ಕುಟ್ಟಿದರು.

“ನನ್ನ ಮಗಂದು ಆವಾಗ್ಲೇ ಪಾಸಾಗೈತ್ರಿ. ಇದೂ ಬಂಜಿನೇ. ಇಕಿ ಹೊಟ್ಟಿ ನೋಡ್ರಿ.”

ಆ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು, ಅಂದು ನೀವು ಕೂತಿದ್ದ ಬೆಂಚಿನ ಮೇಲೆ. ನನಗೆ ತಡೆಯಲಾಗಲಿಲ್ಲ.

“ಇದು ಸುಳ್ಳೈತಿ ಯವ್ವಾ. ಆವತ್ತು ಓಡಿದ್ದು ನಿನ್ನ ಮಗಂದಲ್ಲ, ಅಲುಗಾಡಿದ್ದು ಮೇಜು. ಗೊತ್ತಿದ್ದೂ ಮುಚ್ಚಿಟ್ಟಾಂವ ನಾನು.”

ಅವರು ನನ್ನ ವಂಶಕ್ಕೆಲ್ಲ ಶಾಪ ಹಾಕಿದರು. ಹಾಕಲಿ. ಆ ಹುಡುಗಿ ಮಾತ್ರ ತಲೆಯೆತ್ತಿ ಒಂದೇ ಮಾತು ಕೇಳಿದಳು: “ಇದನ್ನ ಗೌರಕ್ಕಗ ಹೇಳೀರೇನ್ರಿ?”

ಇಲ್ಲ ಎಂದೆ. ಅದಕ್ಕೇ ಈ ಕಾಗದ.

ಇದರ ಜೊತೆಗೆ ಆ ಉಪ್ಪುನೀರಿನ ವರದಿ ಇಟ್ಟಿದ್ದೇನೆ. ಇಷ್ಟು ವರ್ಷ ನನ್ನ ಡ್ರಾಯರಿನಲ್ಲೇ ಇತ್ತು, ಹರಿದು ಹಾಕುವ ಧೈರ್ಯವೂ ಬರಲಿಲ್ಲ. ಊರ ಹಿರಿಯರಿಗೆ ತೋರಿಸಿ, ಕೋರ್ಟಿಗೆ ಕೊಡಿ. ಕರೆದಲ್ಲಿ ಬಂದು ನಿಂತು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುತ್ತಿಲ್ಲ. ಇನ್ನೊಂದು ಸಲ ನೋಡಿ ಎಂದು ನೀವು ಕೇಳಿದ್ದಿರಿ — ನೋಡಿದ್ದೆ ಗೌರಮ್ಮ. ನೀವು ಬಸ್ಸು ಹತ್ತುವ ಮೊದಲೇ ನೋಡಿದ್ದೆ.