ಮಚ್ಚೆ ಯಾವ ಕೆನ್ನೆಗೆ?

ನಮ್ಮತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ತಾತ ಬಿಟ್ಟುಹೋದ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾಳೆ. ಎದುರಿಗಿನ ಸ್ಟೂಲಿನ ಮೇಲೆ ಎಂಥ ದೊಡ್ಡ ಸಾಹೇಬರೇ ಕೂತಿರಲಿ, "ಗಲ್ಲ ಸ್ವಲ್ಪ ಎತ್ತಿ" ಅಂತ ಗದರಿಸದೆ ಕ್ಯಾಮೆರಾ ಮುಟ್ಟುವವಳಲ್ಲ. ಊರಿನ ಅರ್ಧ ಜನ ಅವಳಿಗೆ ಹೆದರಿಯೇ ಗಲ್ಲ ಎತ್ತಿಕೊಂಡು ಬಾಗಿಲು ದಾಟುತ್ತಾರೆ.

ಅಂಥವಳ ಬಾಯಿ ಕಟ್ಟಿಹೋದದ್ದು ಕಣ್ಣಿನ ಡಾಕ್ಟರ ಮುಂದೆ. ಕೆಲವು ದಿನಗಳಿಂದ ಅವಳಿಗೆ ಎದುರಿಗಿರುವುದು ಕಾಣುತ್ತಿತ್ತು, ಪಕ್ಕದ್ದು ಮಸುಕಾಗುತ್ತಿತ್ತು. ಡಾಕ್ಟರು ಹನಿ ಔಷಧಿ ಬರೆಯುತ್ತಾ, "ತಾಯಿ ಕಡೆ ಯಾರಿಗಾದರೂ ಹೀಗಿತ್ತಾ?" ಅಂತ ಕೇಳಿದರು. ಅತ್ತೆ ನನ್ನ ಮುಖ ನೋಡಿದಳು. ಅವಳು ಅಂಬೆಗಾಲಿಡುವ ಮೊದಲೇ ಅವಳಮ್ಮ ತೀರಿಕೊಂಡಿದ್ದಳು. ತಾತ ಮತ್ತೆ ಮದುವೆಯಾದರು, ನಮ್ಮಪ್ಪ ಆ ಎರಡನೆಯವಳ ಮಗ. ಮೊದಲನೆಯವಳ ತೌರಿನವರು ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿಲ್ಲ.

ವಾಪಸ್ ಬಂದು ಸ್ಟುಡಿಯೋ ಬೀಗ ತೆಗೆಯುವಾಗ ಅತ್ತೆ ಅಂದಳು: "ನಮ್ಮಪ್ಪ ಊರಿಗೆಲ್ಲ ಫೋಟೋ ತೆಗೆದ. ಕಟ್ಟಿಕೊಂಡವಳದ್ದು ಒಂದಾದರೂ ಗೋಡೆಗೆ ಹಾಕಿದನೇನೇ? ನನಗೆ ಇನ್ನೇನೂ ಬೇಡ. ಈ ಕಣ್ಣು ಹೋಗೋದರೊಳಗೆ ನಮ್ಮಮ್ಮನ ಮುಖ ಒಂದು ಸಲ ನೋಡಬೇಕು."

ಹಾಗೆ ಶುರುವಾಯಿತು ನಮ್ಮ ಮನೆತನದ ಹುಡುಕಾಟ. ಎಲ್ಲಿಂದ ಶುರು ಮಾಡಬೇಕು ಅಂತ ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಕಚೇರಿ ಕಚೇರಿ ಅಲೆಯಬೇಡಿ, ಮನೆಯಲ್ಲಿ ಬದುಕಿರುವ ಮುದುಕಿಯನ್ನು ಮೊದಲು ಹಿಡಿಯಿರಿ. ನಮ್ಮ ಪಾಲಿಗೆ ಆ ಮುದುಕಿ ಗುಡುಗಜ್ಜಿ, ತಾತನ ಕೊನೆಯ ತಂಗಿ. ಕಿವಿ ಮಂದ. ತನಗೆ ಕೇಳದ್ದು ಜಗತ್ತಿಗೇ ಕೇಳುವುದಿಲ್ಲ ಅಂದುಕೊಂಡು ಕಿರುಚಿಯೇ ಮಾತಾಡುತ್ತಾಳೆ. ಅತ್ತಿಗೆ, ಅಂದರೆ ನಮ್ಮತ್ತೆಯ ಅಮ್ಮ, ಸತ್ತಾಗ ಇವಳಿನ್ನೂ ಚಿಕ್ಕ ಹುಡುಗಿ.

ಅತ್ತೆ ಒಂದೇ ಉಸಿರಿಗೆ ಕೇಳಿದಳು: ಯಾವ ಊರಿನವಳು, ಅಪ್ಪ ಯಾರು, ಯಾವ ವರ್ಷ ಮದುವೆ? "ನನಗೇನೇ ಗೊತ್ತು! ನಾನೇನು ಆಫೀಸಾ?" ಅಂತ ಅಜ್ಜಿ ಗುಡುಗಿದಳು. ಆಮೇಲೆ ತಾನಾಗಿಯೇ, "ಮಚ್ಚೆ ಇತ್ತು ಕಣೇ. ಬಲಗೆನ್ನೆ ಮೇಲೆ, ಇಷ್ಟು ದಪ್ಪ. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತೆ" ಅಂದಳು.

ಅಷ್ಟೇ ಸಾಕಾಯಿತು ನಮ್ಮತ್ತೆಗೆ. ಸ್ಟುಡಿಯೋ ಅಟ್ಟದ ಮೇಲೆ ತಾತನ ಕಾಲದ ಗಾಜಿನ ನೆಗೆಟಿವ್‌ಗಳು ಮರದ ಪೆಟ್ಟಿಗೆಗಳಲ್ಲಿ ಧೂಳು ತಿನ್ನುತ್ತಿದ್ದವು. ಒಂದರ ಮೇಲೂ ಹೆಸರಿಲ್ಲ. ಇಳಿಸಿ, ಹತ್ತಿಯಿಂದ ಒರೆಸಿ, ದೀಪದ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿ ಹಿಡಿದಳು. ಹೆಂಗಸರ ಗಾಜು ಬಂದಾಗೆಲ್ಲ ಇನ್ನೂ ಹತ್ತಿರ ಬಗ್ಗುತ್ತಿದ್ದಳು. ಮಚ್ಚೆ ಇದ್ದವಳು ಸಿಕ್ಕಿದ್ದು ಒಬ್ಬಳೇ. ಕುರ್ಚಿಯ ತುದಿಯಲ್ಲಿ ಕೂತು, ನಗಬಾರದು ಅಂತ ತುಟಿ ಒತ್ತಿಹಿಡಿದಿದ್ದ ಹೆಂಗಸು. ಆದರೆ ಅವಳ ಮಚ್ಚೆ ಎಡಗೆನ್ನೆಗಿತ್ತು.

"ಇವಳಲ್ಲ" ಅಂತ ಅತ್ತೆ ಅದನ್ನು ಪಕ್ಕಕ್ಕಿಟ್ಟಳು.

"ಅಜ್ಜಿಗೆ ಎಡಬಲ ತಪ್ಪಿರಬಹುದಲ್ಲ?" ಅಂದೆ.

"ನಮ್ಮ ಮನೇಲಿ ಎಡಬಲ ತಪ್ಪೋರು ಯಾರೂ ಇಲ್ಲ. ಅಪ್ಪ ಅದೊಂದನ್ನೇ ನಮಗೆಲ್ಲ ಬಡಿದು ಬಡಿದು ಕಲಿಸಿದ್ದು." ತಗೋ, ಮಾತು ಮುಗಿಯಿತು.

ಎಲ್ಲ ಪೆಟ್ಟಿಗೆ ಖಾಲಿಯಾಯಿತು. ಬಲಗೆನ್ನೆಯ ಮಚ್ಚೆ ಸಿಗಲಿಲ್ಲ. ಅತ್ತೆ ಊಟ ಬಿಟ್ಟಳು, ಸತ್ತ ಅಪ್ಪನನ್ನು ಬಾಯಿಗೆ ಬಂದ ಹಾಗೆ ಬೈದಳು, ಗಿರಾಕಿಗಳಿಗೆ ಗಲ್ಲ ಎತ್ತಿ ಅನ್ನುವುದನ್ನೂ ಮರೆತಳು. ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಅವಳು ಬ್ಯಾಂಕಿಗೆ ಹೋದ ಹೊತ್ತು ನೋಡಿ, ಹೆಂಗಸರ ಗಾಜುಗಳನ್ನೆಲ್ಲ ಒಂದೊಂದಾಗಿ ದೀಪದ ಪೆಟ್ಟಿಗೆಯ ಮೇಲಿಟ್ಟು ಫೋನಿನಲ್ಲಿ ಹಿಡಿದೆ. ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡುವ ಗುಂಡಿ ಒತ್ತಿದರೆ ಆಯಿತು, ಅದೇನು ಮಹಾ ವಿದ್ಯೆಯೇ? ಮಚ್ಚೆ ಗಿಚ್ಚೆ ಆಮೇಲೆ, ಅಜ್ಜಿ ಎಲ್ಲರನ್ನೂ ನೋಡಲಿ.

ಮಾರನೇ ದಿನ ಅತ್ತೆಯನ್ನು ಎಳೆದುಕೊಂಡೇ ಹೋದೆ. ಅಜ್ಜಿ ಫೋನನ್ನು ಮೂಗಿಗೆ ಹಿಡಿದು, "ಇವಳು ಯಾರೋ, ಇವಳೂ ಯಾರೋ" ಅನ್ನುತ್ತಾ ಹೋದಳು. ಇದ್ದಕ್ಕಿದ್ದಂತೆ ಬೆರಳು ನಿಂತಿತು.

"ಅಯ್ಯೋ! ಅತ್ತಿಗೆ! ನಮ್ಮತ್ತಿಗೆ ಕಣ್ರೇ ಇದು!"

ಅತ್ತೆ ಬಗ್ಗಿ ನೋಡಿದಳು. ಕುರ್ಚಿಯ ತುದಿಯಲ್ಲಿ ಕೂತವಳು. "ಥೂ, ನಿನ್ನ!" ಅಂತ ನನ್ನ ಮೇಲೆ ಹರಿಹಾಯ್ದಳು. "ಗಾಜಿನ ಔಷಧಿ ಬಳಿದ ಮಂಕು ಬದಿ ಮೇಲೆ ಮಾಡಿ ಇಟ್ಟಿದ್ದೀಯ. ಮುಖ ಪೂರ್ತಿ ಉಲ್ಟಾ. ಈ ಹೆಂಗಸಿನ ಮಚ್ಚೆ ಎಡಗೆನ್ನೆಗೆ!" ಫೋನು ಕಿತ್ತುಕೊಂಡು ಚಿತ್ರವನ್ನು ಸರಿಯಾಗಿ ತಿರುಗಿಸಿ ಅಜ್ಜಿಗೆ ಹಿಡಿದಳು. "ಈಗ ನೋಡಿ."

ಅಜ್ಜಿಯ ಮುಖ ಸಪ್ಪಗಾಯಿತು. "ಈಗ ಅವಳಲ್ಲ. ಅವಳ ಹಾಗೇ ಇದ್ದಾಳೆ, ಆದರೆ ಅವಳಲ್ಲ. ಮೊದಲಿದ್ದವಳನ್ನು ಕೊಡೇ!"

ನನಗೆ ತಲೆ ಕೆಟ್ಟುಹೋಯಿತು. ಅಜ್ಜಿಯ ಕಿವಿಯ ಹತ್ತಿರ ಹೋಗಿ ಕೂಗಿದೆ: "ಅತ್ತಿಗೆ ಮುಖ ಅಂದ್ರೆ ನಿಮಗೆ ಏನು ನೆನಪಾಗುತ್ತೆ ಅಜ್ಜಿ? ಎಲ್ಲಿ ನೋಡಿದ ನೆನಪು?"

"ಎಲ್ಲಿ ಅಂದ್ರೆ? ದಿನಾ ಬೆಳಿಗ್ಗೆ ನನ್ನನ್ನ ಕನ್ನಡಿ ಮುಂದೆ ಕೂರಿಸಿ, ಹಿಂದೆ ನಿಂತು ಜಡೆ ಹಾಕೋಳು. ಸಿಕ್ಕು ಬಿಡಿಸುವಾಗ ನಾನು ರಂಪ ಮಾಡ್ತಿದ್ದೆ. ಅವಳು ಕನ್ನಡಿ ಒಳಗಿಂದಲೇ ನನಗೆ ಮೂತಿ ಸೊಟ್ಟ ಮಾಡಿ ನಗಿಸೋಳು. ಅಮ್ಮನೂ ಹಾಗೆ ಬಾಚಲಿಲ್ಲ ನನಗೆ."

"ಕನ್ನಡಿ" ಅಂದಳು ಅತ್ತೆ. "ಕನ್ನಡಿಯಲ್ಲಿ ಎಡಗೆನ್ನೆಯದು ಬಲಗೆನ್ನೆಗೆ ಕಾಣುತ್ತೆ." ಮಂಚದ ಅಂಚಿಗೆ ಕೂತಳು. ಜೀವಮಾನವಿಡೀ ಎಡ ಬಲ ಅಂತ ಊರಿಗೆಲ್ಲ ಪಾಠ ಹೇಳಿದವಳು, ಅಮ್ಮನನ್ನು ಕೈಯಾರೆ ಎತ್ತಿ ಪಕ್ಕಕ್ಕಿಟ್ಟಿದ್ದಳು. ನಾನು ನಗಲು ಹೊರಟವಳು ಅವಳನ್ನು ನೋಡಿ ಅತ್ತುಬಿಟ್ಟೆ.

ಅತ್ತೆ ಎರಡು ಪ್ರಿಂಟ್ ಹಾಕಿದಳು, ಒಂದು ಉಲ್ಟಾ, ಒಂದು ಸೀದಾ. ಹುಟ್ಟಿದಾಗಿನಿಂದ ಅವಳು ಬೇಕೆಂದೇ ಹಾಕಿದ ಉಲ್ಟಾ ಪ್ರಿಂಟ್ ಅದೊಂದೇ. ಅದಕ್ಕೆ ಕಟ್ಟು ಹಾಕಿಸಿ ಗುಡುಗಜ್ಜಿಯ ತೊಡೆಯ ಮೇಲಿಟ್ಟಳು. "ಇದು ನಿಮಗೆ. ನೀವು ನೋಡಿದವಳು ಇವಳು." ಅಜ್ಜಿ ಮೊದಲ ಸಲ ಮೆಲ್ಲಗೆ ಮಾತಾಡಿದಳು, ಏನಂದಳೋ ಕೇಳಿಸಲಿಲ್ಲ.

ಡಾಕ್ಟರ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ತೌರಿನ ಊರು ಗೊತ್ತಾಗಬೇಕು, ಹುಡುಕುತ್ತಿದ್ದೇವೆ.

ಸೀದಾ ಪ್ರಿಂಟನ್ನು ಅತ್ತೆ ಸ್ಟುಡಿಯೋದಲ್ಲಿ, ತನಗೆ ನೇರ ಎದುರಿಗೆ ತೂಗುಹಾಕಿದಳು. ಪಕ್ಕಕ್ಕಾದರೆ ಕಾಣುವುದಿಲ್ಲವಲ್ಲ.

"ನನ್ನನ್ನ ತೊಟ್ಟಿಲಿನಿಂದ ಎತ್ತಿಕೊಳ್ಳುವಾಗ ಕನ್ನಡಿ ಇರಲಿಲ್ಲ ಕಣೇ" ಅಂದಳು. "ನಾನು ನೋಡಿದ್ದು ಈ ಮುಖ."

ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಮೂಗು ಏರಿಸಿಕೊಂಡು, "ಗಲ್ಲ ಸ್ವಲ್ಪ ಎತ್ತಿಸಬೇಕಿತ್ತು ಅಪ್ಪ" ಅಂದಳು.