ಹೆಸರಿಲ್ಲದ ಅರ್ಧ ಸ್ಟ್ರಿಪ್ಪು

ರೋಡೋಡೆಂಡ್ರನ್ ಹೂವಿನ ಸ್ಪೆಲ್ಲಿಂಗ್ ನನಗೆ ಈಗಲೂ ಒಂದೇ ಉಸಿರಿಗೆ ಬರುತ್ತದೆ. ಆ ಹೂವನ್ನು ನಾನು ಕಂಡಿಲ್ಲ, ಆಳಂದದಲ್ಲಿ ಅದು ಅರಳುವುದೂ ಇಲ್ಲ. ಆದರೆ ದಿನಾ ಬೆಳಿಗ್ಗೆ ನುಂಗುವ ಹಾರ್ಟಿನ ಗುಳಿಗೆಯ ಹೆಸರು ಕೇಳಿದರೆ ‘ಸಣ್ಣದು, ಗುಲಾಬಿ ಬಣ್ಣದ್ದು’ ಎನ್ನುತ್ತಿದ್ದೆ. ಕಾನ್ವೆಂಟ್ ಎಜುಕೇಶನ್ನು ಅಷ್ಟರ ಮಟ್ಟಿಗೆ ಸಾರ್ಥಕ.

ನಮ್ಮ ಓಣಿಯಲ್ಲಿ ಗುಳಿಗೆಯನ್ನು ಹೆಸರು ಹಿಡಿದು ಕರೆಯುವ ರೂಢಿಯೇ ಇಲ್ಲ. ಯಾರಾದರೂ ಕಲಬುರಗಿಗೆ ಹೊರಟರೆ ಮನೆಮನೆಯವರು ತಮ್ಮ ಖಾಲಿ ಸ್ಟ್ರಿಪ್ಪು ತಂದು ಕೈಗಿಡುತ್ತಾರೆ. ಅದನ್ನು ತೋರಿಸಿದರೆ ಅಂಗಡಿಯವರು ಅಂಥದ್ದೇ ಕೊಡುತ್ತಾರೆ. ಓಣಿಯ ಅಷ್ಟೂ ಬಿ.ಪಿ., ಶುಗರು ಒಬ್ಬಳ ಚೀಲದಲ್ಲಿ ಚರಚರ ಸಪ್ಪಳ ಮಾಡುತ್ತ ಬಸ್ಸು ಹತ್ತುತ್ತವೆ. ಅಷ್ಟರೊಳಗೆ ಯಾರದಾದರೂ ಮುಗಿದು, ಪಕ್ಕದ ಮನೆಯಲ್ಲಿ ಅದೇ ಇದ್ದರೆ, ಕತ್ತರಿ ಹೊರಬರುತ್ತದೆ. ದೇಶದ ಜನ ಔಷಧ ಹೇಗೆ ನುಂಗುತ್ತಾರೆಂದು ತಿಳಿದವರು ಸರ್ವೆ ಮಾಡುತ್ತಾರಂತೆ. ಕತ್ತರಿ ಆಡಿದ ಮೇಲೆ ಗುಳಿಗೆ ಯಾವ ಗೋಡೆ ದಾಟಿತು ಎನ್ನುವುದು ಯಾವ ಸರ್ವೆಗೆ ಸಿಕ್ಕೀತು?

ಪಕ್ಕದ ಮನೆಯ ಚಾಂದ್‌ಬೀಗೂ ನನಗೂ ಡಾಕ್ಟರು ಬರೆದದ್ದು ಒಂದೇ ಗುಳಿಗೆ. ಮಗಳ ಬಾಣಂತನಕ್ಕೆಂದು ಅವಳು ಜೇವರ್ಗಿಗೆ ಹೊರಟಾಗ ಅವಳದು ಮುಗಿದಿತ್ತು. ನಾನು ದೊಡ್ಡ ಲೇಡಿಯ ಹಾಗೆ ನನ್ನ ಸ್ಟ್ರಿಪ್ಪು ಕತ್ತರಿಸಿ ಅರ್ಧ ಕೊಟ್ಟೆ. ಹೆಸರು ಅಚ್ಚಾಗಿದ್ದ ತುದಿ ಅವಳ ಪಾಲಿಗೆ ಹೋದದ್ದು ತಿಳಿದದ್ದು, ನನ್ನದೂ ಮುಗಿಯುತ್ತ ಬಂದು ಊರಿನ ಔಷಧದ ಅಂಗಡಿಗೆ ಹೋದಾಗ.

“ಅಕ್ಕೋರ, ಇದರಾಗ ಬರೇ ಬೆಳ್ಳಿ ಹಾಳಿ ಅದ. ಹೆಸರು ಎಲ್ಲದರಿ?” ಎಂದ ಅಂಗಡಿಯವ.

“ಗುಲಾಬಿ ಬಣ್ಣದ್ದಪಾ.”

“ಗುಲಾಬಿವು ನನ್ನ ಕಪಾಟಿನ್ಯಾಗ ಒಂದು ತೋಟನೇ ಅದರಿ. ಹಾರ್ಟಿಂದು ಅಂತೀರಿ, ಅಂದಾಜಿನ ಮ್ಯಾಲ ನಾ ಕೊಡಂಗಿಲ್ಲ.”

ಅವನು ಹೇಳಿದ್ದು ಸರಿಯೇ. ಆದರೆ ಡಾಕ್ಟರು ರಜೆಯ ಮೇಲಿದ್ದರು, ಚೀಟಿ ಎಲ್ಲೋ ಕಳೆದಿತ್ತು, ಒಂದು ದಿನವೂ ತಪ್ಪಿಸಬೇಡಿ ಎಂದು ಅವರು ಹೆದರಿಸಿದ್ದರು. ಡಬ್ಬಿಯಲ್ಲಿದ್ದದ್ದು ಕೊನೆಯ ಗುಳಿಗೆ. ನಿಜ ಹೇಳಬೇಕೆಂದರೆ, ಅದನ್ನು ನೋಡಿಯೇ ನನ್ನ ಎದೆ ಡವಡವ ಎಂದಿತು. ಚಾಂದ್‌ಬೀಗೆ ಫೋನು ಮಾಡಿ, ಯಾರಿಂದಾದರೂ ಹೆಸರು ಓದಿಸೆಂದೆ.

“ಬರೇ ಹೆಸರು ತಗೊಂಡು ಏನ್ ಮಾಡ್ತೀರಿ ಅಕ್ಕೋರ? ಅಲ್ಲಿ ಅಂಗಡ್ಯಾಗ ಇಲ್ಲಂದ್ರ? ಗುಳಿಗಿನೇ ಕಳಸ್ತೇನಿ. ನಿಮ್ಮ ಎದಿ ನಿಂತ್ರ ನನ್ನ ಜೋಡಿ ಜಗಳಾಡೋರು ಯಾರ್ರಿ?”

ಸಂಜೆಗೆ ನಮ್ಮ ಓಣಿಯ ತೊಗರಿ ವ್ಯಾಪಾರಿ ಶರಣಪ್ಪ ಜೇವರ್ಗಿಯಿಂದ ಬಂದವನು ಒಂದು ಗಂಟು ಕೊಟ್ಟ. ಒಳಗೆ ಹೆಸರಿದ್ದ ತುಂಡು, ಅದನ್ನೇ ತೋರಿಸಿ ಕೊಂಡ ಹೊಸ ಸ್ಟ್ರಿಪ್ಪು, ಜೊತೆಗೆ ಬಾಣಂತಿಗೆ ಮಾಡಿದ, ನನಗೆ ಡಾಕ್ಟರು ಖಡಾಖಂಡಿತ ಬೇಡವೆಂದ, ತುಪ್ಪದ ಅಂಟಿನುಂಡಿ.

“ಗುಳಿಗಿ ಅದಾವಂತ ಗಂಟು ಬಿಚ್ಚಲಿಲ್ಲರಿ,” ಎಂದ ಶರಣಪ್ಪ, “ಇಲ್ಲಂದ್ರ ಉಂಡಿ ಕಲಬುರಗಿ ದಾಟ್ತಿದ್ದಿಲ್ಲ.”

ಕೊಡೆ, ಕರವಸ್ತ್ರ, ಪೆನ್ಸಿಲ್, ಎಲ್ಲದರ ಮೇಲೂ ನಿಮ್ಮ ಹೆಸರು ಬರೆದುಕೊಳ್ಳಿ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಈ ಓಣಿಯಲ್ಲಿ ಇಷ್ಟು ವರ್ಷವಿದ್ದೂ ನನ್ನ ಕೊಡೆ ಯಾರ ಮನೆಯಲ್ಲಿದೆಯೋ ತಿಳಿಯದು. ನಾನು ಮಾತ್ರ ಮಳೆಯಲ್ಲಿ ಒಮ್ಮೆಯೂ ನೆನೆದಿಲ್ಲ.

ಗುಳಿಗೆಯ ಹೆಸರನ್ನು ಈಗ ಸ್ಪೆಲ್ಲಿಂಗ್ ಸಮೇತ ಬಾಯಿಪಾಠ ಮಾಡಿದ್ದೇನೆ. ಹೊಸ ಸ್ಟ್ರಿಪ್ಪನ್ನು ಹೆಸರಿಲ್ಲದ ತುದಿಯಿಂದ ಶುರು ಮಾಡಿದೆ. ಹೆಸರಿರುವ ತುದಿ ಹಾಗೇ ಇದೆ, ಕತ್ತರಿಯೂ ಪಕ್ಕದಲ್ಲೇ ಇದೆ. ಚಾಂದ್‌ಬೀ ಊರಿಗೆ ಬರಲಿ.